ತರಬೇತಿಯ ಖರ್ಚು ಯಾರ ಲೆಕ್ಕಕ್ಕೆ?

2023ರ ಜನವರಿಯಲ್ಲಿ ವಿಪ್ರೊ ಕಂಪನಿ ನೂರಾರು ಹೊಸಬರನ್ನು ಕೆಲಸದಿಂದ ತೆಗೆಯಿತು. ತರಬೇತಿಯ ನಂತರದ ಒಳಪರೀಕ್ಷೆಗಳಲ್ಲಿ ಅವರು ನಿರೀಕ್ಷಿತ ಮಟ್ಟ ಮುಟ್ಟಲಿಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. ಕೆಲಸ ಹೋದದ್ದೇ ದೊಡ್ಡ ಸುದ್ದಿಯಾದ್ದರಿಂದ ಅವರ ಕೈಗೆ ಬಂದ ಪತ್ರದಲ್ಲಿದ್ದ ಇನ್ನೊಂದು ಮಾತಿನ ಬಗ್ಗೆ ಹೆಚ್ಚು ಚರ್ಚೆಯಾಗಲಿಲ್ಲ. ನಿಮ್ಮ ತರಬೇತಿಗೆ ತಗಲಿದ 75,000 ರೂಪಾಯಿ ನೀವು ಕಟ್ಟಬೇಕಾದ ಹಣ, ಅದನ್ನು ಮನ್ನಾ ಮಾಡಿದ್ದೇವೆ ಎಂಬರ್ಥದ ಸಾಲು ಅದು. ಸಾಲಮನ್ನಾ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಆದರೆ ತಾವು ಸಾಲಗಾರರೆಂದು ಕನಸಲ್ಲೂ ಎಣಿಸದವರಿಗೆ ಮನ್ನಾ ಭಾಗ್ಯ ಒಲಿದದ್ದು ಅಪರೂಪವೇ.

ಕಂಪನಿಗಳ ಲೆಕ್ಕದ ಪುಸ್ತಕದಲ್ಲಿ ತರಬೇತಿಗೆ ಒಂದು ಬೆಲೆ ಇದ್ದೇ ಇರುತ್ತದೆ. ಹೊಸಬರಿಗೆ ಅದು ಕಾಣುವುದು ಹೊರಹೋಗುವ ದಿನ. ಒಳಬರುವ ದಿನ ‘ತರಬೇತಿ ಉಚಿತ, ಮೇಲೆ ಸ್ಟೈಪೆಂಡನ್ನೂ ಕೊಡುತ್ತೇವೆ’ ಎಂಬ ಮಾತಷ್ಟೇ ಕೇಳಿಸುತ್ತದೆ. ತರಬೇತಿ ಅವಧಿಯ ಸಂಬಳದ ಬಗ್ಗೆ ಮಾತುಕತೆಗೆ ಕೂತವರು ತಿಂಗಳಿಗೆ ಎರಡು ಸಾವಿರ ಹೆಚ್ಚು ಕೇಳುವುದೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಈ ಬೆಲೆಯನ್ನೇ. ನನ್ನನ್ನು ತಯಾರು ಮಾಡಲು ನಿಮಗೆ ಎಷ್ಟು ಖರ್ಚು, ಅದರಲ್ಲಿ ನನ್ನ ಪಾಲೆಷ್ಟು, ಅರ್ಧಕ್ಕೇ ನಿಂತರೆ ಯಾರು ಹೊರಬೇಕು? ಸ್ಟೈಪೆಂಡ್, ಬಾಂಡ್, ಪಿಎಫ್, ಪ್ರೊಬೇಷನ್ ಎಲ್ಲವೂ ಈ ಪ್ರಶ್ನೆಯ ಸುತ್ತಲೇ ಗಿರಕಿ ಹೊಡೆಯುತ್ತವೆ.

ಇದನ್ನು ಕೇಳಲು ನಮಗೇಕೋ ಸಂಕೋಚ. ಮನೆಯಲ್ಲೇ ಬಾಯಿ ಮುಚ್ಚಿಸುತ್ತಾರೆ. ‘ಕೆಲಸ ಕಲಿಸ್ತೀವಿ ಅಂತಿದಾರೆ, ಅದಕ್ಕೆ ದುಡ್ಡು ಬೇರೆ ಕೇಳ್ತೀಯಾ? ಮೊದಲು ಹೋಗಿ ಸೇರ್ಕೋ’ ಎನ್ನುವ ಅಪ್ಪ, ‘ಆಫರ್ ಲೆಟರ್ ವಾಪಸ್ ತಗೊಂಡ್ಬಿಟ್ಟರೆ?’ ಎನ್ನುವ ಅಮ್ಮ. ಈ ಭಯ ಪೂರ್ತಿ ಹುಸಿಯೂ ಅಲ್ಲ. ಹೊಸಬರನ್ನು ತೆಗೆದ ಮರುತಿಂಗಳೇ ವಿಪ್ರೊ, ವರ್ಷಕ್ಕೆ 6.5 ಲಕ್ಷದ ಆಫರ್ ಪಡೆದು ಕಾಯುತ್ತಿದ್ದವರಿಗೆ ‘3.5 ಲಕ್ಷಕ್ಕಾದರೆ ಈಗಲೇ ಬನ್ನಿ’ ಎಂದಿತ್ತು. ಬಹಳ ಜನ ಹೋದರು. ದೊಡ್ಡ ಐಟಿ ಕಂಪನಿಗಳಲ್ಲಿ ಹೊಸಬರ ವಾರ್ಷಿಕ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮೂರರಿಂದ ನಾಲ್ಕು ಲಕ್ಷದ ನಡುವೆಯೇ ತೆವಳುತ್ತಿದೆ. ಕ್ಯಾಂಪಸ್ಸಿನಿಂದ ಸಾವಿರಗಟ್ಟಲೆ ಜನರನ್ನು ಒಟ್ಟಿಗೆ ಎತ್ತಿಕೊಳ್ಳುವ ಕಂಪನಿ ಒಬ್ಬಳಿಗಾಗಿ ಮೊತ್ತ ಬದಲಿಸುವುದಿಲ್ಲ. ಅಲ್ಲಿ ಸಂಬಳದ ಚೌಕಾಸಿಗೆ ಕೂರುವುದು ವ್ಯರ್ಥ ಎಂದು ಒಪ್ಪಿಕೊಳ್ಳೋಣ. ಆದರೆ ಮೊತ್ತ ಅಲುಗದ ಕಡೆಯಲ್ಲೂ ಷರತ್ತುಗಳು ಅಲುಗುತ್ತವೆ. ಕೇಳಿದರೆ ಕಡೇಪಕ್ಷ ಅವು ಏನೆಂದು ಸಹಿ ಹಾಕುವ ಮೊದಲೇ ತಿಳಿದಿರುತ್ತದೆ. ಐವತ್ತು, ನೂರು ಜನರ ಸಣ್ಣ ಕಂಪನಿಗಳಲ್ಲಂತೂ ಎರಡೂ ಅಲುಗಬಹುದು.

ತರಬೇತಿಯ ಖರ್ಚು ನ್ಯಾಯವಾಗಿ ಯಾರದ್ದು? ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲಿ ಪ್ರಕಟವಾದ ಮಾನವ ಬಂಡವಾಳದ ಕುರಿತ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ಸರಳ ಅಳತೆಗೋಲು ಕೊಟ್ಟರು. ಎಲ್ಲ ಕಡೆ ಸಲ್ಲುವ ವಿದ್ಯೆ ಒಂದು ಬಗೆ, ಒಂದೇ ಕಂಪನಿಯೊಳಗೆ ಸಲ್ಲುವ ವಿದ್ಯೆ ಇನ್ನೊಂದು ಬಗೆ. ಜಾವಾ ಕಲಿತವನು ಅದನ್ನು ನಾಳೆ ಎದುರು ಬೀದಿಯ ಕಂಪನಿಗೂ ಒಯ್ಯುತ್ತಾನೆ. ಆದ್ದರಿಂದ ಮಾಲೀಕ ಅದಕ್ಕೆ ಕೈಯಿಂದ ದುಡ್ಡು ಹಾಕುವುದಿಲ್ಲ, ಕಲಿಯುವವನೇ ಕಡಿಮೆ ಸಂಬಳದ ರೂಪದಲ್ಲಿ ಅದರ ಬೆಲೆ ತೆರುತ್ತಾನೆ. ಒಂದು ವಿಮಾ ಕಂಪನಿ ತನಗೆಂದೇ ಬರೆಸಿಕೊಂಡ ಹಳೇ ಸಾಫ್ಟ್‌ವೇರಿನ ಒಳಹೊರಗು ಕಲಿತರೆ ಹೊರಗೆ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಅದರ ಖರ್ಚು ಮಾಲೀಕನೇ ಹೊರಬೇಕು. 1992ರಲ್ಲಿ ಬೆಕರ್ ಅವರಿಗೆ ನೊಬೆಲ್ ಬಂತು.

ಬೆಕರ್ ಅವರ ಈ ಅಳತೆಗೋಲು ಕೇಳಲು ಚೆಂದ. ಆದರೆ ಜರ್ಮನಿಯ ಕಾರ್ಖಾನೆಗಳು ಎಲ್ಲೆಡೆ ಸಲ್ಲುವ ವಿದ್ಯೆಯನ್ನೂ ತಮ್ಮ ಖರ್ಚಿನಲ್ಲೇ ಅಪ್ರೆಂಟಿಸ್‌ಗಳಿಗೆ ಕಲಿಸುತ್ತಿದ್ದವು. ಏಕೆ? ಅರ್ಥಶಾಸ್ತ್ರಜ್ಞರಾದ ಡ್ಯಾರನ್ ಅಸೆಮೊಗ್ಲು ಮತ್ತು ಯೋರ್ನ್ ಸ್ಟೆಫೆನ್ ಪಿಷ್ಕೆ 1990ರ ದಶಕದ ಕೊನೆಯಲ್ಲಿ ಇದಕ್ಕೆ ಉತ್ತರ ಹುಡುಕಿದರು. ಕೆಲಸಗಾರನಿಗೆ ಕಂಪನಿ ಬದಲಿಸುವುದು ಕಾಗದದ ಮೇಲಿರುವಷ್ಟು ಸಲೀಸಲ್ಲ. ಅವನ ನಿಜವಾದ ಕಸುಬು ಎಷ್ಟೆಂದು ಈಗಿನ ಮಾಲೀಕನಿಗೆ ಗೊತ್ತು, ಹೊರಗಿನವನಿಗೆ ಗೊತ್ತಿಲ್ಲ. ಹಾಗಾಗಿ ತರಬೇತಿ ಮುಗಿದ ಮೇಲೂ ಅವನು ದುಡಿದುಕೊಡುವ ಮೌಲ್ಯಕ್ಕಿಂತ ಕಡಿಮೆ ಸಂಬಳದಲ್ಲಿ ಕೆಲವು ವರ್ಷ ಅಲ್ಲೇ ಇರುತ್ತಾನೆ. ಮಾಲೀಕ ಹಾಕಿದ ದುಡ್ಡು ಆ ಅಂತರದಲ್ಲಿ ವಾಪಸ್ಸಾಗುತ್ತದೆ. ಬೆಂಗಳೂರಿನಲ್ಲಿ ಫ್ರೆಶರ್ ಆಗಿ ಸೇರಿ ಮೂರು ವರ್ಷ ಒಂದೇ ಕಂಪನಿಯಲ್ಲಿದ್ದು, ಆಮೇಲೆ ಹೊರಗೆ ಹೋಗಿ ಒಂದೇ ಜಿಗಿತಕ್ಕೆ ಸಂಬಳ ಹೆಚ್ಚೂಕಡಿಮೆ ದುಪ್ಪಟ್ಟು ಮಾಡಿಕೊಂಡವರನ್ನು ಕೇಳಿ. ಆ ಅಂತರ ಎಂಥದ್ದೆಂದು ಅವರು ಅರ್ಥಶಾಸ್ತ್ರ ಓದದೆಯೇ ವಿವರಿಸುತ್ತಾರೆ. ಹಾಗಾಗಿ ‘ನಾವು ನಿಮ್ಮ ಮೇಲೆ ಲಕ್ಷಗಟ್ಟಲೆ ಹಾಕ್ತಿದೀವಿ’ ಎಂಬ ಮಾತು ಕೇಳಿದಾಗ ತಲೆ ತಗ್ಗಿಸಬೇಕಿಲ್ಲ. ಹಾಕಿದ್ದನ್ನು ತೆಗೆದುಕೊಳ್ಳುವ ದಾರಿ ಅವರ ಸಂಬಳಪಟ್ಟಿಯಲ್ಲೇ ಇದೆ.

ಇನ್ನು ಕಾಗದದ ವಿಷಯ. ‘ಟ್ರೈನಿ’ ಎಂದು ಬರೆದ ಮಾತ್ರಕ್ಕೆ ಎಲ್ಲ ಟ್ರೈನಿಗಳೂ ಒಂದೇ ಅಲ್ಲ. ಕಾನೂನಿನ ಕಣ್ಣಲ್ಲಿ ಮೂರು ಜಾತಿ.

ಮೊದಲನೆಯವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ಮಾಡಿಕೊಂಡು ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿತರಾದವರು. ಎಚ್‌ಎಎಲ್, ಬಿಇಎಲ್‌ನಂಥ ಕಾರ್ಖಾನೆಗಳಿಗೆ ಐಟಿಐ, ಡಿಪ್ಲೊಮಾ ಮುಗಿಸಿ ಹೋಗುವವರು ಹೀಗೇ ಹೋಗುತ್ತಾರೆ. ಈಚೆಗೆ ಖಾಸಗಿ ಐಟಿ ಕಂಪನಿಗಳೂ ಈ ದಾರಿ ಹಿಡಿದಿವೆ. ಈ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕೆಲಸಗಾರನಲ್ಲ, ಕಲಿಯುವವನು. ಕನಿಷ್ಠ ವೇತನ, ಪಿಎಫ್, ಗ್ರಾಚ್ಯುಟಿ ಯಾವುದೂ ಅವನಿಗೆ ಅನ್ವಯಿಸುವುದಿಲ್ಲ. ಬದಲಿಗೆ ಕನಿಷ್ಠ ಸ್ಟೈಪೆಂಡ್ ನಿಗದಿಯಾಗಿದೆ. 2019ರ ತಿದ್ದುಪಡಿಯಲ್ಲಿ ಪದವೀಧರರಿಗೆ ತಿಂಗಳಿಗೆ 9,000, ಡಿಪ್ಲೊಮಾದವರಿಗೆ 8,000, ಐಟಿಐನವರಿಗೆ 7,000 ರೂಪಾಯಿ ಎಂದು ಗೊತ್ತುಮಾಡಲಾಯಿತು. ಇದನ್ನು ಸುಮಾರು ಶೇ 36ರಷ್ಟು ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಬೆಂಗಳೂರಿನ ಸಾಧಾರಣ ಪಿ.ಜಿ.ಯಲ್ಲಿ ಊಟ ಸೇರಿ ಒಂದು ಹಾಸಿಗೆಗೆ ಎಷ್ಟಾಗುತ್ತದೆಂದು ಬಲ್ಲವರಿಗೆ 9,000ದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇದು ಕನಿಷ್ಠ ಮೊತ್ತ, ಗರಿಷ್ಠವಲ್ಲ. ಸಂದರ್ಶನಕ್ಕೆ ಹೋಗುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಪದವಿ, ಡಿಪ್ಲೊಮಾದವರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ (ನ್ಯಾಟ್ಸ್) ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಪದವೀಧರನಿಗೆ 9,000 ಕೊಡುವ ಕಂಪನಿಯ ಜೇಬಿನಿಂದ ಹೋಗುವುದು 4,500. ‘ಸರ್, ಇದು ನ್ಯಾಟ್ಸ್ ಅಡಿಯಲ್ಲಾ? ಹಾಗಿದ್ದರೆ ಸರ್ಕಾರದ ಪಾಲು ಬಿಟ್ಟು ಕಂಪನಿ ಎಷ್ಟು ಕೊಡುತ್ತೆ?’ ಎಂದು ಕೇಳುವ ಹುಡುಗನನ್ನು ಯಾವ ಹೆಚ್‌ಆರ್ ಕೂಡ ಹಗುರವಾಗಿ ನೋಡುವುದಿಲ್ಲ.

ಅಪ್ರೆಂಟಿಸ್ ನಿಯಮಗಳಲ್ಲೇ ತರಬೇತಿಯ ಬೆಲೆಯೂ ಸಿಗುತ್ತದೆ. ಒಪ್ಪಂದ ಮಾಲೀಕನ ತಪ್ಪಿನಿಂದ ಮುರಿದುಬಿದ್ದರೆ ಅವನು ಮೂರು ತಿಂಗಳ ಸ್ಟೈಪೆಂಡ್ ಪರಿಹಾರ ಕೊಡಬೇಕು, ಅಪ್ರೆಂಟಿಸ್‌ನ ತಪ್ಪಿನಿಂದ ಮುರಿದರೆ ಅಷ್ಟನ್ನೇ ತರಬೇತಿಯ ಖರ್ಚೆಂದು ಅವನಿಂದ ವಸೂಲು ಮಾಡಬಹುದು ಎಂದು 1992ರ ನಿಯಮಗಳು ಹೇಳಿದವು. 9,000ದ ಲೆಕ್ಕದಲ್ಲಿ 27,000. ಎರಡೂ ಕಡೆಗೆ ಒಂದೇ ತಕ್ಕಡಿ. ಖಾಸಗಿ ಬಾಂಡ್‌ಗಳಲ್ಲಿ ಒಂದೂವರೆ, ಎರಡು ಲಕ್ಷದ ಮೊತ್ತ ಕಂಡಾಗಲೆಲ್ಲ ನನಗೆ ಈ ನಿಯಮ ನೆನಪಾಗುತ್ತದೆ.

ಎರಡನೆಯವರು ಕಂಪನಿಯೇ ಟ್ರೈನಿ ಎಂದು ಕರೆದುಕೊಂಡವರು. ಕಾಯ್ದೆಯಡಿ ನೋಂದಣಿ ಇರುವುದಿಲ್ಲ, ಕಂಪನಿಯ ಸ್ಥಾಯಿ ಆದೇಶಗಳಲ್ಲಿ ‘ಅಪ್ರೆಂಟಿಸ್’ ಎಂಬ ವರ್ಗ ಇರುತ್ತದೆ, ಅಷ್ಟೆ. ಇವರಿಗೆ ಪಿಎಫ್ ಕಟ್ಟಬೇಕೇ ಎಂಬ ಜಗಳ ನಮ್ಮ ಮಂಗಳೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ತನ್ನ ತರಬೇತಿದಾರರಿಗೆ ಪಿಎಫ್ ಕಟ್ಟಿಲ್ಲವೆಂದು ಭವಿಷ್ಯನಿಧಿ ಅಧಿಕಾರಿಗಳು ಹಿಡಿದರು. 2006ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಂಪ್ಕೊ ಪರವಾಗಿ ತೀರ್ಪು ಕೊಟ್ಟಿತು. ಮಾದರಿ ಸ್ಥಾಯಿ ಆದೇಶಗಳ ಪ್ರಕಾರ ಅವರು ಅಪ್ರೆಂಟಿಸ್‌ಗಳು, ಪಿಎಫ್ ಕಾಯ್ದೆಯ ಅರ್ಥದಲ್ಲಿ ನೌಕರರಲ್ಲ ಎಂದಿತು. ಅಂದಿನಿಂದ ಪಿಎಫ್ ತಪ್ಪಿಸಲು ಬಯಸುವ ಪ್ರತಿ ಸಂಸ್ಥೆಯ ವಕೀಲರ ಬಾಯಲ್ಲೂ ಈ ತೀರ್ಪು. ಹೆಸರಿಗೆ ಟ್ರೈನಿ, ದಿನವಿಡೀ ಉತ್ಪಾದನೆಯ ಸಾಲಿನಲ್ಲಿ ಉಳಿದವರಂತೆಯೇ ದುಡಿತ ಎಂದಾದರೆ ಅಧಿಕಾರಿಗಳು ಹೆಸರು ಬಿಟ್ಟು ಕೆಲಸ ನೋಡುವುದೂ ಉಂಟು. ಹಾಜರಾತಿ, ಶಿಫ್ಟ್ ಪಟ್ಟಿ, ಒಪ್ಪಿಸಿದ ಕೆಲಸದ ಮೇಲ್‌ಗಳನ್ನು ಟ್ರೈನಿಗಳು ಜೋಪಾನ ಮಾಡಬೇಕಾದದ್ದು ಅದಕ್ಕೇ.

ಹಣದ ಲೆಕ್ಕ ಹೀಗೆ: ತಿಂಗಳಿಗೆ 15,000 ಮೂಲ ವೇತನದ ಮೇಲೆ ಮಾಲೀಕನ ಪಿಎಫ್ ಪಾಲು ಶೇ 12, ಅಂದರೆ 1,800. ವರ್ಷವಿಡೀ ‘ಟ್ರೈನಿ’ ಆಗಿಯೇ ಇಟ್ಟುಕೊಂಡರೆ ಕೈತಪ್ಪುವುದು 21,600. ಜತೆಗೆ ಗ್ರಾಚ್ಯುಟಿಗೆ ಎಣಿಸುವ ಸೇವೆಯಲ್ಲಿ ಒಂದು ವರ್ಷ ಮಾಯ. ತಿಂಗಳ ಸ್ಟೈಪೆಂಡಿನಲ್ಲಿ ಸಾವಿರ ಹೆಚ್ಚಿಸಿ ಎಂದು ಗೋಗರೆಯುವ ಬದಲು ‘ಮೊದಲ ದಿನದಿಂದಲೇ ಪ್ರೊಬೇಷನರ್ ಎಂದು ಬರೆಯಿರಿ’ ಎಂದು ಕೇಳಿಕೊಂಡರೆ ಲಾಭ ಜಾಸ್ತಿ. ಯಾಕೆಂದರೆ ಮೂರನೆಯ ಜಾತಿ ಈ ಪ್ರೊಬೇಷನರ್‌ಗಳದ್ದು. ಪರೀಕ್ಷಾ ಅವಧಿಯಲ್ಲಿದ್ದರೂ ಅವರು ನೌಕರರೇ. ಸಂಬಳ, ಪಿಎಫ್, ಇಎಸ್‌ಐ ಎಲ್ಲ ಸೇರಿದ ದಿನದಿಂದ ಲೆಕ್ಕ.

ಈ ಜಾತಿಭೇದದ ಬಿಸಿ ಎಲ್ಲರಿಗೂ ತಟ್ಟಿದ್ದು 2025ರ ಫೆಬ್ರವರಿಯಲ್ಲಿ. ಇನ್ಫೊಸಿಸ್ ತನ್ನ ಮೈಸೂರು ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ತರಬೇತಿದಾರರನ್ನು ಹೊರಕಳಿಸಿತು. ಮೂರು ಅವಕಾಶ ಕೊಟ್ಟರೂ ಪರೀಕ್ಷೆ ಪಾಸಾಗಲಿಲ್ಲವೆಂದಿತು. ಅವರಲ್ಲಿ ಹಲವರು ಆಫರ್ ಕೈಯಲ್ಲಿಟ್ಟುಕೊಂಡು ಎರಡು ವರ್ಷಕ್ಕೂ ಹೆಚ್ಚು ಕಾದವರು. ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯಕ್ಕೆ ಪತ್ರ ಬರೆಯಿತು, ಕಾರ್ಮಿಕ ಇಲಾಖೆಯ ಅಧಿಕಾರಿಗಳು ಕ್ಯಾಂಪಸ್ಸಿಗೆ ಹೋಗಿ ವಿಚಾರಿಸಿದರು. ಇವರು ಅಪ್ರೆಂಟಿಸ್ ತರಬೇತಿದಾರರು, ಖಾಯಂ ನೌಕರರ ಲೇಆಫ್ ನಿಯಮ ಇವರಿಗೆ ಹೊಂದುವುದಿಲ್ಲ ಎಂಬುದು ಕೊನೆಗೆ ಇಲಾಖೆಯ ನಿಲುವಾಗಿ ವರದಿಯಾಯಿತು. ಕಂಪನಿ ಒಂದು ತಿಂಗಳ ಪರಿಹಾರ, ರಿಲೀವಿಂಗ್ ಲೆಟರ್ ಕೊಟ್ಟಿತು. ತಾವು ಯಾವ ಜಾತಿಯ ಟ್ರೈನಿ ಎಂದು ಅವರಲ್ಲಿ ಎಷ್ಟು ಮಂದಿಗೆ ಮೊದಲೇ ಗೊತ್ತಿತ್ತೋ! ಸಹಿ ಹಾಕಿದ ಕಾಗದದಲ್ಲಿ ಅದು ಇದ್ದೇ ಇರುತ್ತದೆ, ನಾವು ಸಂಬಳದ ಅಂಕಿ ನೋಡಿ ಮಡಚಿಡುತ್ತೇವೆ.

ಅವಧಿಯೂ ಹಣವೇ. ಇದನ್ನು ಚೆನ್ನಾಗಿ ಅರಿತವರು ನಮ್ಮ ಸಾರಿಗೆ ನಿಗಮಗಳ ಚಾಲಕ, ನಿರ್ವಾಹಕರು. 2020ರ ಡಿಸೆಂಬರ್‌ನಲ್ಲಿ ಬಸ್ಸು ನಿಲ್ಲಿಸಿ ಕೂತಾಗ ಅವರಿಟ್ಟ ಬೇಡಿಕೆಗಳಲ್ಲಿ ಒಂದು, ಎರಡು ವರ್ಷದ ತರಬೇತಿ ಅವಧಿಯನ್ನು ಒಂದು ವರ್ಷಕ್ಕೆ ಇಳಿಸಬೇಕೆಂಬುದು. ಸರ್ಕಾರ ಒಪ್ಪಿದ ಬೇಡಿಕೆಗಳ ಪಟ್ಟಿಯಲ್ಲಿ ಇದೂ ಸೇರಿತು. ಬಸ್ ಓಡಿಸಲು ಲೈಸೆನ್ಸ್ ಇರುವವನಿಗೆ ಎರಡು ವರ್ಷ ಏನು ಕಲಿಸುತ್ತೀರಿ ಎಂಬ ಪ್ರಶ್ನೆ ಅದರೊಳಗಿತ್ತು. ಇದೇ ಪ್ರಶ್ನೆಯನ್ನು ಖಾಸಗಿ ಶಾಲೆಯ ಹೊಸ ಟೀಚರ್ ಕೇಳಬಹುದು, ಆಸ್ಪತ್ರೆಗೆ ಸೇರುವ ನರ್ಸ್ ಕೇಳಬಹುದು. ಎಂಟನೇ ತರಗತಿಗೆ ಇಡೀ ದಿನ ಪಾಠ ಮಾಡಿಸಿಕೊಂಡು, ಹಾಜರಿ ಪುಸ್ತಕ ಬರೆಸಿಕೊಂಡು, ‘ಇದಿನ್ನೂ ಡೆಮೊ ಪೀರಿಯಡ್ಡು ಮೇಡಂ, ಸಂಬಳ ಮುಂದಿನ ತಿಂಗಳಿಂದ’ ಎನ್ನುವ ಆಡಳಿತ ಮಂಡಳಿಗಳು ಪ್ರತಿ ಊರಲ್ಲೂ ಇವೆ. ಒಂದು ತಾಸಿನ ಡೆಮೊ ಪಾಠ ಪರೀಕ್ಷೆ, ಒಪ್ಪೋಣ. ಹದಿನೈದು ದಿನದ ಡೆಮೊ ಬಿಟ್ಟಿ ಚಾಕರಿ. ಅಂಗಡಿ, ಕಚೇರಿಗಳಿಗೆ ಅನ್ವಯಿಸುವ 1961ರ ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ‘ನೌಕರ’ ಎಂಬ ವ್ಯಾಖ್ಯೆಯೊಳಗೆ ಅಪ್ರೆಂಟಿಸ್‌ನನ್ನೂ ಸೇರಿಸಿಕೊಳ್ಳುತ್ತದೆ. ಸೇರಿದ ಮೂವತ್ತು ದಿನದೊಳಗೆ ನೇಮಕಾತಿ ಪತ್ರ ಕೊಡಬೇಕೆನ್ನುತ್ತದೆ. ‘ಕ್ಯೂ’ ನಮೂನೆ ಎನ್ನುತ್ತಾರೆ ಅದಕ್ಕೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳೂ ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ಬಾಯಿಮಾತಿನ ಕೆಲಸಕ್ಕೆ ಇನ್ನು ನೆಪವಿಲ್ಲ.

ಈಗ ಬಾಂಡ್. ‘ಬಾಂಡ್ ಎಲ್ಲ ಕೋರ್ಟಲ್ಲಿ ನಿಲ್ಲಲ್ಲ ಬಿಡೋ’ ಎಂಬ ಧೈರ್ಯವಂತ ಗೆಳೆಯ ಪ್ರತಿ ಹಾಸ್ಟೆಲ್ಲಿನಲ್ಲೂ ಒಬ್ಬ ಇರುತ್ತಾನೆ. ಅವನ ಮಾತು ಅರ್ಧ ನಿಜ. 1872ರ ಕರಾರು ಕಾಯ್ದೆಯ 27ನೇ ಕಲಂ, ಒಬ್ಬನನ್ನು ಅವನ ಕಸುಬು ಮಾಡದಂತೆ ಕಟ್ಟಿಹಾಕುವ ಕರಾರು ಅನೂರ್ಜಿತ ಎನ್ನುತ್ತದೆ. ಕಂಪನಿ ಬಿಟ್ಟ ಮೇಲೂ ಎದುರಾಳಿ ಕಂಪನಿ ಸೇರಬಾರದೆಂಬ ಷರತ್ತು ಇದರಡಿ ಬಿದ್ದುಹೋಗುತ್ತದೆ. ಆದರೆ ಕೆಲಸದ ಅವಧಿಯೊಳಗಿನ ಷರತ್ತುಗಳ ಕತೆ ಬೇರೆ. 1967ರಲ್ಲೇ ಸುಪ್ರೀಂ ಕೋರ್ಟ್ ಒಬ್ಬ ರೇಯಾನ್ ಕಾರ್ಖಾನೆಯ ಮೇಲ್ವಿಚಾರಕನ ಪ್ರಕರಣದಲ್ಲಿ ಇದನ್ನು ಹೇಳಿತ್ತು. ಅವನು ಐದು ವರ್ಷದ ಕರಾರಿಗೆ ಸಹಿ ಹಾಕಿ, ಟೈರಿನ ನೂಲಿನ ತಂತ್ರಜ್ಞಾನದಲ್ಲಿ ತರಬೇತಿ ಪಡೆದು, ಹೆಚ್ಚು ಸಂಬಳಕ್ಕೆ ಕೋಟಾದ ಪ್ರತಿಸ್ಪರ್ಧಿ ಕಾರ್ಖಾನೆಗೆ ಹೋಗಿದ್ದ. ಕರಾರಿನ ಅವಧಿ ಮುಗಿಯುವ ತನಕ ಅಲ್ಲಿ ಆ ಕೆಲಸ ಮಾಡದಂತೆ ತಡೆದದ್ದು ಸರಿ ಎಂದಿತು ಕೋರ್ಟ್.

ಈಚಿನ ತೀರ್ಪು ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನದ್ದು. ಈಗ ಬ್ಯಾಂಕ್ ಆಫ್ ಬರೋಡಾದೊಳಗೆ ವಿಲೀನವಾಗಿರುವ ಆ ಬ್ಯಾಂಕು 2007ರಲ್ಲಿ ಒಬ್ಬ ಹಿರಿಯ ಮ್ಯಾನೇಜರರನ್ನು ನೇಮಿಸಿಕೊಂಡಾಗ, ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂದು ಬರೆಸಿಕೊಂಡಿತ್ತು. ಅವರು 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟರು, ಎರಡು ಲಕ್ಷವನ್ನು ಪ್ರತಿಭಟನೆ ದಾಖಲಿಸಿ ಕಟ್ಟಿದರು, ಆಮೇಲೆ ಕರ್ನಾಟಕ ಹೈಕೋರ್ಟಿಗೆ ಹೋಗಿ ಗೆದ್ದರು. ಬ್ಯಾಂಕು ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಮೇ 14ರಂದು ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಮತ್ತು ನ್ಯಾಯಮೂರ್ತಿ ಜೊಯ್‌ಮಾಲ್ಯ ಬಾಗ್ಚಿ ಅವರ ಪೀಠ ಬಾಂಡ್ ಸಿಂಧು ಎಂದಿತು. ಸರ್ಕಾರಿ ಬ್ಯಾಂಕು ಬೇಕೆಂದಾಗ ಯಾರನ್ನೋ ಕರೆದು ಕೂರಿಸಲಾಗದು, ಜಾಹೀರಾತು, ಪರೀಕ್ಷೆ, ಸಂದರ್ಶನ ಎಲ್ಲ ಮತ್ತೆ ನಡೆಸಬೇಕು, ಆ ಹುದ್ದೆಯ ಸಂಬಳಕ್ಕೆ ಎರಡು ಲಕ್ಷ ವಿಪರೀತವಲ್ಲ ಎಂಬುದು ಕಾರಣ.

ಈ ತೀರ್ಪು ಬಂದ ಮೇಲೆ ಕೆಲವು ಖಾಸಗಿ ಕಂಪನಿಗಳು ‘ನೋಡಿ, ಸುಪ್ರೀಂ ಕೋರ್ಟೇ ಹೇಳಿದೆ’ ಎನ್ನತೊಡಗಿದವು. ಆದರೆ ಹಿರಿಯ ಮ್ಯಾನೇಜರರ ಸಂಬಳಕ್ಕೆ ಎರಡು ಲಕ್ಷ ಹೆಚ್ಚಲ್ಲ ಎಂಬ ಮಾತು ತಿಂಗಳಿಗೆ 12,000 ಪಡೆಯುವ ಟ್ರೈನಿಗೆ ಹೇಗೆ ಹೊಂದುತ್ತದೆ? ಸರ್ಕಾರಿ ನೇಮಕಾತಿಯ ತಾಪತ್ರಯಗಳು ಖಾಸಗಿ ಕಂಪನಿಗೆ ಎಲ್ಲಿವೆ? ಕರಾರು ಕಾಯ್ದೆಯ 74ನೇ ಕಲಂ ಇನ್ನೂ ಜೀವಂತವಾಗಿದೆ. ಕರಾರಿನಲ್ಲಿ ಎಷ್ಟೇ ಮೊತ್ತ ಬರೆದಿರಲಿ, ಅದು ಮೇಲ್ಮಿತಿ ಮಾತ್ರ. ಕೋರ್ಟು ಕೊಡಿಸುವುದು ಅದರೊಳಗಿನ ನ್ಯಾಯವಾದ ಪರಿಹಾರವನ್ನು. 2011ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟ ಪ್ರಕರಣವೊಂದರಲ್ಲಿ ಕಂಪನಿ ಎರಡು ಲಕ್ಷ ಕೇಳಿತ್ತು. ತರಬೇತಿಗೆ ಅದು ನಿಜವಾಗಿ ಖರ್ಚು ಮಾಡಿದ್ದು 67,000 ಚಿಲ್ಲರೆ. ನೌಕರ ಮೂರು ವರ್ಷದ ಬಾಂಡಿನಲ್ಲಿ ಎರಡು ವರ್ಷ ದುಡಿದಿದ್ದ. ಉಳಿದ ಒಂದು ವರ್ಷಕ್ಕೆ ಮೂರನೇ ಒಂದು ಭಾಗ, ಸುಮಾರು 22,500 ರೂಪಾಯಿ ಸಾಕು ಎಂಬ ಕೆಳಕೋರ್ಟಿನ ತೀರ್ಮಾನವನ್ನು ಹೈಕೋರ್ಟ್ ಎತ್ತಿಹಿಡಿಯಿತು. ಮಾತುಕತೆಗೆ ಹೋಗುವವರು ಬಾಯಿಪಾಠ ಮಾಡಿಕೊಳ್ಳಬೇಕಾದ ಲೆಕ್ಕ ಇದು: ನಿಜವಾದ ಖರ್ಚು ಎಷ್ಟು, ದುಡಿದದ್ದು ಎಷ್ಟು, ಬಾಕಿ ಎಷ್ಟು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿದ ಹುಡುಗಿಗೆ ಎಚ್‌ಎಸ್‌ಆರ್ ಲೇಔಟಿನ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಗುತ್ತದೆ. ಆರು ತಿಂಗಳು ತರಬೇತಿ, ತಿಂಗಳಿಗೆ 12,000. ಆಮೇಲೆ 25,000. ಎರಡು ವರ್ಷದ ಬಾಂಡ್, ಮುರಿದರೆ ಒಂದೂವರೆ ಲಕ್ಷ. ಕೂಡಿ ನೋಡಿದರೆ ತರಬೇತಿಯ ಆರೂ ತಿಂಗಳು ಅವಳಿಗೆ ಸಿಗುವುದು 72,000. ಬಾಂಡ್ ಅದರ ಎರಡು ಪಟ್ಟಿಗಿಂತ ಹೆಚ್ಚು. ಅವಳು ಫೋನ್ ಮಾಡುತ್ತಾಳೆ.

‘ಮೇಡಂ, ಎರಡು ವರ್ಷ ಅಂದರೆ ಸೇರಿದ ದಿನದಿಂದಲಾ, ಕನ್‌ಫರ್ಮ್ ಆದ ಮೇಲಾ?’

‘ಕನ್‌ಫರ್ಮೇಷನ್ ಆದ್ಮೇಲೆ.’

‘ಹಾಗಾದ್ರೆ ಒಟ್ಟು ಎರಡೂವರೆ ವರ್ಷ ಆಯ್ತಲ್ಲ. ಸೇರಿದ ದಿನದಿಂದ ಲೆಕ್ಕ ಹಾಕೋಕಾಗುತ್ತಾ?’

‘ನೋಡಮ್ಮ, ಅದು ಕಂಪನಿ ಪಾಲಿಸಿ. ಎಲ್ಲರಿಗೂ ಅದೇ ಫಾರ್ಮ್ಯಾಟ್.’

‘ಅರ್ಥ ಆಯ್ತು ಮೇಡಂ. ಬಾಂಡ್ ಬೇಡ ಅಂತಿಲ್ಲ ನಾನು. ತಿಂಗಳು ಕಳೆದ ಹಾಗೆ ಮೊತ್ತ ಇಳೀತಾ ಬರಲಿ ಅಂತ ಒಂದು ಸಾಲು ಸೇರಿಸಿದ್ರೆ ಸಾಕು. ಇನ್ನೊಂದು, ಕಂಪನಿಯೇ ನನ್ನನ್ನ ತೆಗೆದ್ರೆ ಬಾಂಡ್ ಇಲ್ಲ ಅಂತ.’

‘ಮೇಲ್ ಹಾಕಿ, ಕೇಳಿ ಹೇಳ್ತೀನಿ.’

‘ಕೇಳಿ ಹೇಳ್ತೀನಿ’ ಎಂದರೆ ಬಾಗಿಲು ಮುಚ್ಚಿಲ್ಲ ಎಂದರ್ಥ. ಅವಳು ಕೇಳಿದ ಇಳಿಕೆಯ ಲೆಕ್ಕ ಸುಲಭದ್ದು. ಒಂದೂವರೆ ಲಕ್ಷವನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 6,250. ಹದಿನೆಂಟು ತಿಂಗಳು ದುಡಿದು ಹೊರಟರೆ ಕಟ್ಟಬೇಕಾದ್ದು 37,500. ದೆಹಲಿಯ ತೀರ್ಪಿನ ತರ್ಕವೂ ಇದೇ ಆಗಿರುವುದರಿಂದ ಸ್ವಲ್ಪ ತಿಳಿವಳಿಕೆ ಇರುವ ಕಂಪನಿ ಇದಕ್ಕೆ ಒಪ್ಪುತ್ತದೆ. ಕಂಪನಿಯೇ ತೆಗೆದರೆ ಬಾಂಡ್ ಇಲ್ಲ ಎಂಬ ಸಾಲು ಇನ್ನೂ ಮುಖ್ಯ. ನಾನು ನೋಡಿದ ಹಲವು ಬಾಂಡ್‌ಗಳಲ್ಲಿ ‘ಯಾವುದೇ ಕಾರಣಕ್ಕೆ ಸೇವೆ ಕೊನೆಗೊಂಡರೂ’ ಎಂದಿರುತ್ತದೆ. ಆ ‘ಯಾವುದೇ ಕಾರಣ’ದೊಳಗೆ ಕಂಪನಿಗೆ ಪ್ರಾಜೆಕ್ಟ್ ಸಿಗದ ಕಾರಣವೂ ಅಡಗಿ ಕೂತಿರುತ್ತದೆ.

12,000ವನ್ನು 15,000 ಮಾಡಿ ಎಂದೂ ಅವಳು ಕೇಳಬಹುದು, ತಪ್ಪೇನಿಲ್ಲ. ಕೇಳುವ ರೀತಿ ಮಾತ್ರ ಸರಿಯಿರಬೇಕು. ‘ನನಗೆ ಕಷ್ಟ ಇದೆ’ ಎಂದರೆ ಹೆಚ್‌ಆರ್ ಮರುಗುತ್ತಾರೆಯೇ ಹೊರತು ಬಜೆಟ್ ಏರುವುದಿಲ್ಲ. ನಾಲ್ಕನೇ ತಿಂಗಳಿಂದಲೇ ಕ್ಲೈಂಟಿನ ಕೆಲಸ ಕೊಡುವುದಾಗಿ ಅವರೇ ಸಂದರ್ಶನದಲ್ಲಿ ಹೇಳಿದ್ದರೆ ಅದನ್ನು ನೆನಪಿಸಬೇಕು. ಮೂರು ತಿಂಗಳು ಕಲಿಕೆಯ ದರ, ಪ್ರಾಜೆಕ್ಟಿಗೆ ಹಾಕಿದ ದಿನದಿಂದ ಪೂರ್ತಿ ಸಂಬಳ ಎಂದು ಕೇಳುವುದು ಮೂರು ಸಾವಿರ ಹೆಚ್ಚು ಕೇಳುವುದಕ್ಕಿಂತ ನ್ಯಾಯವೂ ಹೌದು, ಲಾಭವೂ ಹೌದು. ಅದು ಒಪ್ಪಿಗೆಯಾದರೆ ಉಳಿದ ಮೂರು ತಿಂಗಳಿಗೆ ಅವಳಿಗೆ 39,000 ಹೆಚ್ಚು ಬರುತ್ತದೆ. ಪರೀಕ್ಷೆ ಎಷ್ಟು, ಪಾಸಾಗಲು ಎಷ್ಟು ಅಂಕ, ನಪಾಸಾದರೆ ಮತ್ತೆ ಅವಕಾಶ ಉಂಟೇ ಎಂಬುದನ್ನೂ ಅದೇ ಮೇಲ್‌ನಲ್ಲಿ ಕೇಳಿ ಲಿಖಿತ ಉತ್ತರ ತರಿಸಿಕೊಳ್ಳಬೇಕು.

ಇಷ್ಟೆಲ್ಲ ಕೇಳಿದ್ದಕ್ಕೆ ಆಫರ್ ಹಿಂತೆಗೆದುಕೊಳ್ಳುವ ಕಂಪನಿಯೂ ಇರಬಹುದು. ವಿನಯದ ಒಂದು ಮೇಲ್‌ಗೆ ಹೆದರುವ ಕಂಪನಿ ಆರು ತಿಂಗಳ ನಂತರ ಹೇಗೆ ನಡೆದುಕೊಂಡೀತು ಎಂಬುದು ಆಗಲೇ ಗೊತ್ತಾದದ್ದು ಒಳ್ಳೆಯದೇ. ಆದರೂ ಮನೆಯ ಕಂತು ಕಟ್ಟಬೇಕಾದವರಿಗೆ ಈ ಮಾತಿನಿಂದ ಸಮಾಧಾನ ಸಿಗದು, ಗೊತ್ತು. ಅಂಥವರು ಮೊತ್ತದ ಗೊಡವೆಗೆ ಹೋಗದೆ, ಷರತ್ತುಗಳಲ್ಲಿ ಒಂದನ್ನಷ್ಟೇ ಆರಿಸಿಕೊಂಡು ಕೇಳಲಿ. ನನ್ನನ್ನು ಕೇಳಿದರೆ ‘ಕಂಪನಿ ತೆಗೆದರೆ ವಸೂಲಿ ಇಲ್ಲ’ ಎಂಬುದನ್ನು ಆರಿಸುತ್ತೇನೆ.

ಎರಡು ವಿಷಯಗಳಲ್ಲಿ ಮಾತುಕತೆಯೇ ಬೇಡ. ಕೆಲಸ ಕೊಡುವ ಮೊದಲು ‘ಟ್ರೈನಿಂಗ್ ಫೀ’, ‘ಡೆಪಾಸಿಟ್’ ಎಂದು ದುಡ್ಡು ಕಟ್ಟಿಸಿಕೊಳ್ಳುವವರನ್ನು ಕಂಡರೆ ಅಲ್ಲಿಂದಲೇ ಎದ್ದು ಬನ್ನಿ. ಅದು ಕೆಲಸವಲ್ಲ, ದುಡ್ಡು ಕೊಟ್ಟು ಸೇರುವ ಕೋರ್ಸು. ಹಾಗೆಯೇ ಎಸ್‌ಎಸ್‌ಎಲ್‌ಸಿ, ಪದವಿಯ ಮೂಲ ಅಂಕಪಟ್ಟಿಗಳನ್ನು ‘ಬಾಂಡ್ ಮುಗಿಯೋವರೆಗೂ ನಮ್ಮ ಹತ್ರ ಇರಲಿ’ ಎನ್ನುವವರಿಗೆ ಪ್ರತಿ ಕೊಡಿ, ಮೂಲ ತೋರಿಸಿ, ವಾಪಸ್ ಚೀಲಕ್ಕೆ ಹಾಕಿಕೊಳ್ಳಿ.

ಬಿಡುವಾಗಿನ ಲೆಕ್ಕಕ್ಕೂ ನಿಯಮವಿದೆ. ಹೊಸ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟರೂ, ತೆಗೆದುಹಾಕಿದರೂ ಬಾಕಿ ವೇತನ ಎರಡು ಕೆಲಸದ ದಿನಗಳಲ್ಲಿ ಕೈಸೇರಬೇಕು. ಬಾಂಡ್ ಮೊತ್ತದ ಮೇಲೆ ಶೇ 18 ಜಿಎಸ್‌ಟಿ ಸೇರಿಸಿ ಬಿಲ್ ಕಳಿಸುವ ಕಂಪನಿಗಳಿದ್ದವು. ಇದು ಸೇವೆಗೆ ಕೊಟ್ಟ ಪ್ರತಿಫಲವಲ್ಲ, ಜಿಎಸ್‌ಟಿ ಬೀಳುವುದಿಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಎರಡು ಲಕ್ಷದ ಬಾಂಡಿಗೆ 36,000 ಉಳಿಸುವ ಸುತ್ತೋಲೆ, ಸಂಖ್ಯೆ 178.

ಜಗಳವೇ ಆದರೆ ಬೆಂಗಳೂರಿನವರು ಹೋಗಬೇಕಾದದ್ದು ಡೇರಿ ವೃತ್ತದ ಬಳಿಯ ಕಾರ್ಮಿಕ ಭವನಕ್ಕೆ. ಉಳಿದ ಊರುಗಳವರಿಗೆ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿ ಇದೆ. ಐಟಿಯವರಿಗೆ 2017ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘವೂ ಜತೆಗೆ ಬರುತ್ತದೆ. ಅಲ್ಲಿ ಮೊದಲು ಕೇಳುವುದು ಕಾಗದ. ಆಫರ್ ಲೆಟರ್, ನೇಮಕಾತಿ ಪತ್ರ, ಬಾಂಡಿನ ಪ್ರತಿ, ಬ್ಯಾಂಕಿನ ಪಾಸ್‌ಬುಕ್, ಸೇರುವ ಮೊದಲು ಹೆಚ್‌ಆರ್ ಜತೆ ನಡೆಸಿದ ಮೇಲ್‌ಗಳು. ಕಂಪನಿಯ ಮೇಲ್ ಖಾತೆ ಕೆಲಸ ಬಿಟ್ಟ ಸಂಜೆಯೇ ಮುಚ್ಚಿಹೋಗುತ್ತದೆ. ಆದ್ದರಿಂದ ಈ ಪತ್ರಗಳನ್ನೆಲ್ಲ ಸೇರಿದ ವಾರವೇ ನಿಮ್ಮ ಸ್ವಂತ ಮೇಲ್‌ಗೆ ತರಿಸಿಟ್ಟುಕೊಳ್ಳಿ.